ಫೋನು ಹುಡುಕಿಕೊಟ್ಟ ಹಾಡು

ಚಳಿ ಮುಗಿಯಿತು ಎಂದು ಜನ ಕಂಬಳಿ ಮಡಿಸಿಟ್ಟ ಮೇಲೆ ಮತ್ತೊಂದು ಸುತ್ತು ಚಳಿ ಬಂದು ಕೂತಿತ್ತು. ಬುಧವಾರ ಬೆಳಿಗ್ಗೆ, ಹಾಲಿನವನ ಸೈಕಲ್ ಆಗಷ್ಟೇ ಬೀದಿಯ ಕೊನೆ ಮುಟ್ಟಿತ್ತು. ಪೆಟ್ಟಿಗೆಯಣ್ಣ ಅಂಗಡಿಯ ಬಾಗಿಲು ತೆಗೆದು, ಉಜ್ಜುಗೊರಡು ಕೈಗೆತ್ತಿಕೊಂಡು, ತನ್ನ ಸ್ವಂತ ಅಕ್ಕನ ಪೆಟ್ಟಿಗೆಯ ಮುಚ್ಚಳವನ್ನು ನುಣುಪು ಮಾಡಲು ನಿಂತ.

ಪೆಟ್ಟಿಗೆಯಣ್ಣ ಹೆಣದ ಪೆಟ್ಟಿಗೆ ಮಾಡುವ ಬಡಗಿ. ಅವನನ್ನು ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಕರೆಯುತ್ತಿದ್ದವರಿಗೆಲ್ಲ ಅವನೇ ಪೆಟ್ಟಿಗೆ ಮಾಡಿ ಕಳಿಸಿಕೊಟ್ಟಿದ್ದ. ಯಾರಾದರೂ ಎದುರಿಗೆ ಬಂದರೆ ಅವನ ಕಣ್ಣು ತಲೆಯಿಂದ ಕಾಲಿಗೆ ಒಂದು ಸಲ, ಭುಜದಿಂದ ಭುಜಕ್ಕೆ ಒಂದು ಸಲ ಹೋಗಿ ಬರುತ್ತಿತ್ತು. ಕೆಟ್ಟ ಬುದ್ಧಿಯಲ್ಲ, ಕಸುಬಿನ ಅಭ್ಯಾಸ. ಆದರೂ ಜನ ಅವನೆದುರು ಸ್ವಲ್ಪ ಕುಗ್ಗಿ, ಅಡ್ಡಡ್ಡ ನಿಂತು ಮಾತಾಡುತ್ತಿದ್ದರು. ಅಳತೆ ಸಿಗದಿರಲಿ ಅಂತ.

ಅಪ್ಪನೂ ಇದೇ ಅಂಗಡಿಯಲ್ಲಿ ಇದೇ ಕೆಲಸ ಮಾಡಿ, ಇಲ್ಲಿಯದೇ ಒಂದು ಪೆಟ್ಟಿಗೆಯಲ್ಲಿ ಹೋದವನು. ಆಗ ಇವನು ಚಡ್ಡಿ ಹಾಕುವ ಹುಡುಗ. ಅಮ್ಮ ಅದಕ್ಕೂ ಮೊದಲೇ, ಇವನು ಹಾಲು ಬಿಡುವ ಮುಂಚೆಯೇ ತೀರಿಕೊಂಡಿದ್ದಳು. ಕೆಲಸ ಕಲಿಸಿದ್ದು ಚಿಕ್ಕಪ್ಪ. ಅನ್ನ ಕಲಸಿ ಬಾಯಿಗಿಟ್ಟಿದ್ದು ಅಕ್ಕ. ಅಕ್ಕ ಮದುವೆಯಾಗಿ ಇದೇ ಊರಿನ ಇನ್ನೊಂದು ತುದಿಗೆ ಹೋದಳು. ಆಮೇಲೆ ಅವನ ಮನೆಗೆ ಎಷ್ಟು ಸಲ ಬಂದರೂ ಅಂಗಡಿಯ ಹೊಸ್ತಿಲು ಮಾತ್ರ ತುಳಿಯಲಿಲ್ಲ. ಕರೆದರೆ, "ಒಂದು ದಿನ ಹೇಗೂ ನಿನ್ನ ಗಿರಾಕಿ ಆಗೋಳೇ ಅಲ್ವೇನೋ, ಈಗ್ಲೇ ಯಾಕೆ ಅವಸರ" ಅನ್ನುತ್ತಿದ್ದಳು.

ಆ ಅಕ್ಕ ಈಗ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ, "ಹತ್ತಿರದವರಿಗೆ ಹೇಳಿಕಳಿಸಿ" ಅಂದಿದ್ದರು. ಅಕ್ಕ ಅದನ್ನು ಕೇಳಿಸಿಕೊಂಡು ತಮ್ಮನನ್ನು ಹತ್ತಿರ ಕರೆದು, ಬದುಕಿರುವಾಗಲೇ ಪೆಟ್ಟಿಗೆಗೆ ಹೇಳಿದ ಮೊದಲ ಗಿರಾಕಿಯಾದಳು. "ಭುಜದ ಹತ್ರ ಅಗಲ ಬಿಡೋ. ನಾನು ಮಗ್ಗುಲಾಗಿ ಮಲಗೋಳು, ನಿನಗೆ ಗೊತ್ತಲ್ಲ."

ಪೆಟ್ಟಿಗೆಯ ವಿಷಯ ಹಾಗಿರಲಿ. ಅವನನ್ನು ಪೇಚಿಗೆ ಸಿಕ್ಕಿಸಿದ್ದು ಮಂಗಳವಾರ ಸಂಜೆ ಅವಳು ಕೇಳಿದ ಇನ್ನೊಂದು ಮಾತು.

"ತಮ್ಮಾ, ಅಮ್ಮ ಒಂದು ಹಾಡು ಹೇಳ್ತಿದ್ಲು. ನಿನಗೆ ನೆನಪಿರೋಕೆ ಸಾಧ್ಯ ಇಲ್ಲ. ನನಗೂ ಅದರ ಮಾತು ಬಾಯಿಗೆ ಬರ್ತಿಲ್ಲ. ಬಿದ್ದಲ್ಲೇ ಬಿದ್ದು ಹುಡುಕ್ತಾ ಇರ್ತೀನಿ. ಒಂದು ಸಲ ಕೇಳಿಬಿಟ್ಟಿದ್ರೆ ಹಾಯಾಗಿ ಹೋಗ್ಬಿಡ್ತಿದ್ದೆ."

"ನೆನಪಿಲ್ದೇ ಏನಕ್ಕಾ! ದಿನಾ ಕೆಲಸ ಮಾಡುವಾಗ ನಾನು ಗುನುಗೋದೇ ಅದನ್ನ."

ಅಕ್ಕನ ಮುಖ ದೀಪ ಹಚ್ಚಿದ ಹಾಗಾಯಿತು. "ಹೌದೇನೋ? ಎಲ್ಲಿ, ಹಾಡು!"

ಪೆಟ್ಟಿಗೆಯಣ್ಣ ಬಾಯಿ ತೆಗೆದ. ಏನೂ ಬರಲಿಲ್ಲ. ಕೆಮ್ಮಿ ಮತ್ತೆ ತೆಗೆದ. ಆಗಲೂ ಬರಲಿಲ್ಲ. ಅಂಗಡಿಯಲ್ಲಿ ಬೇಡ ಅಂದರೂ ಬರುವ ಹಾಡು ಇಲ್ಲಿ ಗಂಟಲಲ್ಲೇ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು. ಅಷ್ಟರಲ್ಲಿ ಸಿಸ್ಟರ್ ಬಂದು ಹೊತ್ತು ಮುಗಿಯಿತು ಅಂದರು.

"ನನ್ನ ಒಡಕು ಗಂಟಲು ಯಾಕಕ್ಕಾ? ನಾಳೆ ಸಂಜೆ ಸರಿಯಾದ ಹಾಡೇ ತರ್ತೀನಿ, ಮಾತು ಸಮೇತ" ಎಂದು ಮಾತು ಕೊಟ್ಟು ಬಂದ.

ಅಮ್ಮನ ಮುಖ ಅವನಿಗೆ ನೆನಪಿರಲಿಲ್ಲ. ಹಾಡು ನೆನಪಿತ್ತು. ಮರದ ಸುರುಳಿಗಳ ಮೇಲೆ ಬೆಚ್ಚಗೆ ಮಲಗಿ ನಿದ್ದೆ ಹೋಗುವಾಗ ತಲೆಯ ಮೇಲೆಲ್ಲೋ ಉದ್ದಕ್ಕೆ ಎಳೆದು, ಚಿಕ್ಕದಾಗಿ ಹಿಂದೆ ಬಂದು, ಮತ್ತೆ ಉದ್ದಕ್ಕೆ ಎಳೆಯುತ್ತಿದ್ದ ರಾಗ. ಮಗುವಿಗೆ ಅಷ್ಟು ತಾಳ್ಮೆಯಿಂದ ಹಾಡುವವಳು ಅಮ್ಮನಲ್ಲದೆ ಇನ್ಯಾರು? ಅದರ ಬಗ್ಗೆ ಅವನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಮೊದಲೆಲ್ಲ ಒಂದು ಹಾಡು ಬೇಕೆಂದರೆ ಅದು ಗೊತ್ತಿದ್ದವರ ಮನೆಗೆ ಹೋಗಿ ಕೂರಬೇಕಿತ್ತು. ಅವರು ನಾಲ್ಕು ಬೇರೆ ಹಾಡಿ, ಸೊಸೆಯ ಮೇಲೆ ಎರಡು ದೂರು ಹೇಳಿ, ಕೊನೆಗೆ ನಾವು ಕೇಳಿದ್ದನ್ನು ಹಾಡುತ್ತಿದ್ದರು. ಈಗ ಹಾಗಿಲ್ಲ ಎಂದು ಪೆಟ್ಟಿಗೆಯಣ್ಣನಿಗೆ ತಿಳಿಸಿದವನು ಪಕ್ಕದ ಕ್ಷೌರದಂಗಡಿಯವನು. ಬೀದಿಗೆಲ್ಲ ಅವನು ಕತ್ತರಿ. ತಲೆಗೂದಲಿಗಿಂತ ಹೆಚ್ಚಾಗಿ ಇನ್ನೊಬ್ಬರ ಮಾತು ಕತ್ತರಿಸುತ್ತಿದ್ದ.

"ಅಣ್ಣಾ, ಯಾವ ಕಾಲದಲ್ಲಿದ್ದೀಯ ನೀನು? ಹಾಡು ಹುಡುಕೋಕೆ ಈಗ ಮನುಷ್ಯರನ್ನ ಕೇಳ್ತಾರಾ? ಫೋನಿಗೆ ಕೇಳಿಸಿದ್ರೆ ಸಾಕು. ಮೂಗಲ್ಲಿ ಗುನುಗಿದ್ರೂ ಹಾಡಿನ ಹೆಸರು, ಹಾಡಿದೋರ ಹೆಸರು, ಫೋಟೋ ಸಮೇತ ತಂದು ಮುಂದಿಡುತ್ತೆ."

"ಮಾತೂ ಕೊಡುತ್ತಾ?"

"ಅಕ್ಷರ ಅಕ್ಷರ! ಎಲ್ಲಿ, ನೀನು ಕೆಲಸ ಮಾಡ್ತಾ ಗುನುಗು. ನಾನಿದ್ದೀನಲ್ಲ."

ಕತ್ತರಿ ಫೋನನ್ನು ಮುಚ್ಚಳದ ಮೇಲೆ ಹಿಡಿದ. ಪೆಟ್ಟಿಗೆಯಣ್ಣ ಉಜ್ಜುಗೊರಡು ದೂಡಿದ. ದೂಡಿದ ಕೂಡಲೆ ಹಾಡು ತಾನಾಗಿ ಬಂತು. ಫೋನು ಕಿವಿಗೊಟ್ಟು ಕೇಳಿತು, ಯೋಚಿಸಿತು, ಆಮೇಲೆ ಬೀದಿ ನಡುಗುವ ಹಾಗೆ ಯಾರೋ ಅರಚಿಕೊಳ್ಳತೊಡಗಿದರು. ತಗಡಿನ ಮೇಲೆ ತಗಡು ಎಳೆದ ಹಾಗೆ ವಾದ್ಯ, ಕುತ್ತಿಗೆ ಹಿಸುಕಿದ ಹಾಗೆ ಗಾಯನ.

ಹಿಂದಿನ ಮನೆಯಿಂದ ಹೆಂಡತಿ ಸೌಟು ಹಿಡಿದೇ ಓಡಿಬಂದಳು. "ರೀ! ಬೆರಳು ಹೋಯ್ತಾ?"

"ಬೆರಳಲ್ಲ ಅತ್ತಿಗೆ, ಇದು ಹಾಡು" ಎಂದ ಕತ್ತರಿ, ಫೋನಿನ ಬಾಯಿ ಮುಚ್ಚುತ್ತ. "ಉಜ್ಜೋ ಸದ್ದನ್ನೇ ಹಾಡು ಅಂದ್ಕೊಂಡಿದೆ. ಅಣ್ಣಾ, ಅದನ್ನ ಕೆಳಗಿಟ್ಟು ಬರೀ ಬಾಯಲ್ಲಿ ಗುನುಗು."

ಪೆಟ್ಟಿಗೆಯಣ್ಣ ಉಜ್ಜುಗೊರಡು ಕೆಳಗಿಟ್ಟ. ಬಾಯಿ ತೆಗೆದ. ಹಾಡು ಮಾಯ.

"ಏನಾಯ್ತು?"

"ಕೈ ಸುಮ್ನಿದ್ರೆ ಬರಲ್ಲ ಕಣೋ."

"ಇದೊಳ್ಳೆ ಕತೆ! ಹಾಗಾದ್ರೆ ಗಾಳೀಲಿ ಉಜ್ಜು."

ಬೀದಿಯ ಜನ ನೋಡುತ್ತಿದ್ದಂತೆ ಪೆಟ್ಟಿಗೆಯಣ್ಣ ಬರಿಗೈಯಲ್ಲಿ ಗಾಳಿಯನ್ನು ನುಣುಪು ಮಾಡುತ್ತ ಗುನುಗಿದ. ಹಾಡು ಬಂತು. ಫೋನು ಮತ್ತೆ ಯೋಚಿಸಿ, ಮಕ್ಕಳು ಹಲ್ಲುಜ್ಜುವಾಗ ಕುಣಿಯುವ ಹಾಡೊಂದನ್ನು ಮುಂದಿಟ್ಟಿತು.

"ಕೈ ಹಾಗೆ ಆಡಿಸಿದ್ರೆ ಹಲ್ಲುಜ್ಜೋದೇ ಅನ್ಕೊಳ್ಳುತ್ತೆ" ಎಂದಳು ಹೂವಮ್ಮ. ಸತ್ತವರಿಗೆ ಹಾಕುವ ಹಾರ ಕಟ್ಟುವವಳು. ಎದುರಿಗೇ ಅಂಗಡಿ. ಪೆಟ್ಟಿಗೆಯಣ್ಣನಿಗೆ ಕೆಲಸ ಬಂದರೆ ಅವಳಿಗೂ ಬಂದಂತೆ. ಹಾಗಾಗಿ ಅವನ ಅಂಗಡಿಯ ಮೇಲೆ ಅವಳ ಒಂದು ಕಣ್ಣು ಯಾವಾಗಲೂ ಇರುತ್ತಿತ್ತು.

"ಫೋನಿಗೆ ಕಣ್ಣಿಲ್ಲ ಹೂವಮ್ಮ, ಕಿವಿ ಮಾತ್ರ."

"ಕಿವೀನೂ ಇದ್ದ ಹಾಗಿಲ್ಲ. ನನಗೆ ಗೊತ್ತು ಇದು ಯಾವ ಹಾಡು ಅಂತ. ಇದು ಹೀಗೆ" ಎಂದು ಫೋನು ಕಿತ್ತುಕೊಂಡು ಹೂವಮ್ಮ ತನ್ನದೇ ಒಂದು ರಾಗ ತೆಗೆದಳು. ಪೆಟ್ಟಿಗೆಯಣ್ಣನ ಹಾಡಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಫೋನು ತಡಮಾಡದೆ ಹಿಡಿದುಬಿಟ್ಟಿತು. ಅವಳ ಹರೆಯದ ಕಾಲದ ಒಂದು ಕುಣಿತದ ಹಾಡು. ಹೂವಮ್ಮ ಕೆನ್ನೆಗೆ ಕೈ ಹಚ್ಚಿಕೊಂಡಳು. "ಅಯ್ಯೋ! ಇದೇ, ಇದೇ! ಎಷ್ಟು ವರ್ಷ ಆಗಿತ್ತು ಕೇಳಿ!"

ಅಲ್ಲಿಗೆ ಬೀದಿಯ ಜನಕ್ಕೆ ರುಚಿ ಹತ್ತಿತು. ಒಬ್ಬೊಬ್ಬರಾಗಿ ಬಂದು ಫೋನಿಗೆ ಗುನುಗತೊಡಗಿದರು. ಪ್ರತಿಯೊಬ್ಬರ ಗಂಟಲಲ್ಲೂ ಹೆಸರು ಮರೆತ ಒಂದು ಹಾಡು ಎಷ್ಟೋ ವರ್ಷದಿಂದ ಬಾಡಿಗೆ ಕೊಡದೆ ಕೂತಿತ್ತು. ಫೋನು ಒಂದೊಂದನ್ನೇ ಹೊರಗೆಳೆದು ಹೆಸರು ಹೇಳಿತು. ಒಬ್ಬರು ಅತ್ತರು, ಒಬ್ಬರು ನಕ್ಕರು. ಅಕ್ಕನ ಪೆಟ್ಟಿಗೆಯ ಮುಚ್ಚಳದ ಮೇಲೆ ಜನ ಮೊಣಕೈ ಊರಿಕೊಂಡು ನಿಂತರು.

ಕತ್ತರಿಯೂ ಸುಮ್ಮನಿರಲಾರದೆ ತನ್ನದೊಂದನ್ನು ಗುನುಗಿದ. ಫೋನಿನ ಉತ್ತರ ನೋಡಿ ಅವನ ಮುಖ ಬಾಡಿದ ಸೊಪ್ಪಾಯಿತು.

"ಏನಂತೋ?"

"ಇಲಿ ಪಾಷಾಣದ ಜಾಹೀರಾತು." ಕತ್ತರಿ ಫೋನನ್ನು ಮಗುಚಿ ಹಿಡಿದ. "ಮದುವೆ ಆದ ಹೊಸದ್ರಲ್ಲಿ ಇದನ್ನೇ ಹೆಂಡತಿಗೆ ಹಾಡ್ತಿದ್ದೆ."

"ಅದಕ್ಕೇ ತವರಿಗೆ ಹೋದೋಳು ತಿರುಗಿ ಬರ್ಲಿಲ್ಲ" ಎಂದಳು ಹೂವಮ್ಮ. "ಅವಳಿಗೆ ಗೊತ್ತಿತ್ತು ಅನ್ಸುತ್ತೆ."

ಪೆಟ್ಟಿಗೆಯಣ್ಣನ ಹಾಡನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಆಗ ಅವನ ಹೆಂಡತಿ ಮತ್ತೆ ಹೊರಗೆ ಬಂದಳು. ಈ ಸಲ ಸೌಟು ಇರಲಿಲ್ಲ, ದನಿಯೂ ಏರಿರಲಿಲ್ಲ. "ಆಸ್ಪತ್ರೆಯಿಂದ ಫೋನ್ ಬಂದಿತ್ತು. ಸಂಜೆವರೆಗೆ ಕಾಯದೆ ಬರೋಕಾದ್ರೆ ಬನ್ನಿ ಅಂದ್ರು."

ಅವನು ಮುಚ್ಚಳದ ಮೇಲಿನ ಮೊಣಕೈಗಳನ್ನು ಒಂದೊಂದಾಗಿ ಸರಿಸಿದ.

ಆದರೆ ಬರಿಗೈಯಲ್ಲಿ ಹೋಗುವುದು ಹೇಗೆ? ಅಕ್ಕ ಅವನನ್ನು ಕೇಳಿದ್ದು ಜನ್ಮದಲ್ಲಿ ಎರಡೇ. ಒಂದು ಪೆಟ್ಟಿಗೆ, ಒಂದು ಹಾಡು.

"ನನ್ನ ಫೋನು ಹಳೇದು ಅಣ್ಣಾ" ಎಂದ ಕತ್ತರಿ, ಕ್ಷೌರಕ್ಕೆ ಕೂತಿದ್ದವನನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಜೊತೆಗೆ ಹೊರಡುತ್ತ. "ದಾರೀಲೇ ರಿಪೇರಿ ಅಂಗಡಿ ಇದೆ. ಅವನ ಹತ್ರ ಒಳ್ಳೇ ಮೈಕಿದೆ."

ಮೊಬೈಲ್ ರಿಪೇರಿಯವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ. ಎಲ್ಲವನ್ನೂ ಕೇಳಿ, ರೋಗಿಯನ್ನು ನೋಡುವ ಹಾಗೆ ಪೆಟ್ಟಿಗೆಯಣ್ಣನ ಗಂಟಲನ್ನು ನೋಡಿದ.

"ಸಾರ್, ಫೋನಿಗೆ ತಿಳಿಯೋದು ಯಾರಾದ್ರೂ ಮೊದಲೇ ಅದರೊಳಗೆ ಹಾಕಿದ್ದು ಮಾತ್ರ. ನಿಮ್ಮ ಹಾಡು ಯಾರೂ ಹಾಕಿಲ್ಲ ಅನ್ಸುತ್ತೆ. ಒಂದು ಕೆಲಸ ಮಾಡೋಣ. ನೀಟಾಗಿ ರೆಕಾರ್ಡ್ ಮಾಡಿ ಮೇಲೆ ಬಿಡೋಣ. ಕೇಳಿದೋರಲ್ಲಿ ಯಾರಾದ್ರೂ ಒಬ್ರು ಇಂಥಾ ಹಾಡು ಅಂತ ಹೇಳ್ತಾರೆ."

ಮೇಲೆ ಬಿಡುವುದು ಎಂದರೆ ಪೆಟ್ಟಿಗೆಯಣ್ಣನಿಗೆ ಗಾಳಿಪಟ ಮಾತ್ರ ಗೊತ್ತಿತ್ತು. ಆದರೂ ತಲೆಯಾಡಿಸಿದ. ರಿಪೇರಿಯವನು ಫ್ಯಾನು ನಿಲ್ಲಿಸಿ, ಬಾಗಿಲು ಎಳೆದು, ಮೈಕು ಇಟ್ಟ. ಪೆಟ್ಟಿಗೆಯಣ್ಣ ಗಾಜಿನ ಮೇಜನ್ನೇ ಹಲಗೆ ಎಂದುಕೊಂಡು ಎರಡೂ ಕೈ ಊರಿ ದೂಡಿದ. ಹಾಡು ಬಂತು. ಅಕ್ಕನನ್ನು ನೆನೆದು ಇನ್ನಷ್ಟು ಉದ್ದಕ್ಕೆ ದೂಡಿದ. ಕಣ್ಣಿಗೆ ಕಾಣದಷ್ಟು ಚಿಕ್ಕ ತಿರುಪುಗಳಿದ್ದ ತಟ್ಟೆಯೊಂದು ಮೇಜಿನ ಅಂಚು ದಾಟಿ ನೆಲಕ್ಕೆ ಬಿತ್ತು. ಬೆಚ್ಚಿದ್ದಕ್ಕೆ ನಡುವೆ ಒಂದು ಕೆಮ್ಮೂ ಬಂತು, ಮರದ ಹೊಟ್ಟು ಕುಡಿದು ಕುಡಿದು ಬಲಿತ ಕೆಮ್ಮು. ಮೊದಲು ಒಂದು ದೊಡ್ಡದು, ಹಿಂದೆಯೇ ಎರಡು ಮರಿ. ಆದರೂ ಹಾಡು ನಿಲ್ಲಿಸಲಿಲ್ಲ.

"ಆ ತಿರುಪು ಹೆಕ್ಕೋಕೆ ನನಗೆ ಇವತ್ತೆಲ್ಲ ಬೇಕು" ಎಂದ ರಿಪೇರಿಯವನು, ನೆಲದ ಮೇಲೆ ಕೂತು. "ಇರ್ಲಿ. ಹಾಡಿಗೆ ಏನಂತ ಹೆಸರಿಡ್ಲಿ ಸಾರ್?"

"ಹೆಸರಿಡೋದೇನು? ಅದು ಅಮ್ಮನ ಹಾಡು."

ರಿಪೇರಿಯವನು ಅಷ್ಟನ್ನೇ ಒತ್ತಿದ. ಅದರ ಕೆಳಗೆ ತನ್ನ ಅಂಗಡಿಯ ಹೆಸರನ್ನೂ ಒತ್ತಿದ್ದು ಪೆಟ್ಟಿಗೆಯಣ್ಣನ ಕಣ್ಣಿಗೆ ಬೀಳಲಿಲ್ಲ.

ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋಗಬಹುದಿತ್ತು. ಆದರೆ ಹಿಂದಿನ ದಿನವೇ ಸಿದ್ಧವಾಗಿದ್ದ ಒಂದು ಪೆಟ್ಟಿಗೆ ಲಗೇಜು ಗಾಡಿಯಲ್ಲಿ ಬೀದಿಯ ತಿರುವಿನಲ್ಲೇ ಕಾದಿತ್ತು. ಅದನ್ನು ಮುಟ್ಟಿಸದಿದ್ದರೆ ಒಂದು ಮನೆಯವರು ಹೆಣ ಇಟ್ಟುಕೊಂಡು ಕೂರಬೇಕು. ಬೇರೆ ಎಲ್ಲ ಕಸುಬಿನಲ್ಲೂ ನಾಳೆ ಬನ್ನಿ ಅನ್ನಬಹುದು, ಇದರಲ್ಲಿ ಆಗುವುದಿಲ್ಲ. ದಾರಿಯಲ್ಲೇ ಇದೆ ಎಂದು ಗಾಡಿ ಹತ್ತಿದ. ಕತ್ತರಿಯೂ ಹತ್ತಿದ.

ಸಾವಿನ ಮನೆಯಲ್ಲಿ ಎಲ್ಲರೂ ಗೋಡೆಗೊರಗಿ ತಲೆ ತಗ್ಗಿಸಿ ಕೂತಿದ್ದರು. ಪೆಟ್ಟಿಗೆಯಣ್ಣ, ಕತ್ತರಿ ಇಬ್ಬರೂ ಉಸಿರು ಬಿಗಿಹಿಡಿದು ಪೆಟ್ಟಿಗೆ ಇಳಿಸಿದರು. ಬಾಗಿದಾಗ ಕತ್ತರಿಯ ಜೇಬಿನಲ್ಲಿದ್ದ ಫೋನು ಯಾವುದಕ್ಕೋ ಒತ್ತಿಕೊಂಡಿತು. ಅದು ಮೂಲೆಯಲ್ಲಿ ಬಿಕ್ಕುತ್ತಿದ್ದ ಹೆಂಗಸಿನ ದನಿಯನ್ನು ಗಮನವಿಟ್ಟು ಕೇಳಿತು. ಆಮೇಲೆ ತನಗೆ ತಿಳಿದ ಹಾಗೆ ಉತ್ತರ ಕೊಟ್ಟಿತು. ಡೋಲು, ತಮಟೆ, ಚಪ್ಪಾಳೆ, ಜೊತೆಗೆ ಹೂವಮ್ಮನ ಹಾಡಿಗಿಂತ ಎರಡರಷ್ಟು ಕುಣಿತ.

ಬಿಕ್ಕು ನಿಂತಿತು. ಕತ್ತರಿ ಜೇಬಿಗೆ ಕೈ ಹಾಕಿದ. ಬೆವರಿದ ಕೈಗೆ ಫೋನು ಮೀನಿನ ಹಾಗೆ ಜಾರಿ, ತೆರೆದ ಪೆಟ್ಟಿಗೆಯೊಳಗೆ ಬಿದ್ದು, ಅಲ್ಲಿಂದ ಇನ್ನೂ ಗಟ್ಟಿಯಾಗಿ ಹಾಡತೊಡಗಿತು. ಪೆಟ್ಟಿಗೆಯಣ್ಣನ ಕೆಲಸ ಅಷ್ಟು ಅಚ್ಚುಕಟ್ಟು. ಒಳಗೆ ಬಿದ್ದ ಸದ್ದು ವೀಣೆಯ ಹೊಟ್ಟೆಯಲ್ಲಿ ಸುತ್ತಿದ ಹಾಗೆ ಸುತ್ತಿತು.

ಸತ್ತವನ ಮಗ ಎದ್ದು ನಿಂತ. ಈಗ ಏಟು ಬೀಳುತ್ತದೆ ಎಂದು ಪೆಟ್ಟಿಗೆಯಣ್ಣ ಕಣ್ಣು ಮುಚ್ಚಿದ. ಅಭ್ಯಾಸಬಲ, ಮುಚ್ಚುವ ಮುಂಚೆ ಅವನ ಅಳತೆಯನ್ನೂ ತೆಗೆದಿದ್ದ. ಏಟು ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಮಗ ಪೆಟ್ಟಿಗೆಯ ಮೇಲೆ ಬಾಗಿ, ತನ್ನ ಫೋನನ್ನು ಒಳಕ್ಕೆ ಚಾಚಿ ಹಿಡಿದಿದ್ದ.

"ಒಂದು ನಿಮಿಷ, ಆರಿಸ್ಬೇಡಿ. ಎಷ್ಟು ದಿನದಿಂದ ಹುಡುಕ್ತಿದ್ದೆ ಈ ಹಾಡನ್ನ. ಯಾವುದು ಅಂತ ತಿಳ್ಕೊಂಡುಬಿಡ್ತೀನಿ."

"ನಿನ್ನ ಅಪ್ಪ ಇಲ್ಲಿ ತಣ್ಣಗಾಗಿ ಮಲಗಿದಾನೆ!" ಎಂದು ಮೂಲೆಯ ಹೆಂಗಸು ಕಿರುಚಿದಳು. ಆಗ ಇಬ್ಬರಿಗೂ ಬಾಗಿಲು ತೋರಿಸಲಾಯಿತು. ಫೋನು ಹೇಗೋ ಕೈಗೆ ಬಂತು, ಕತ್ತರಿಯ ಚಪ್ಪಲಿ ಒಂದು ಅಲ್ಲೇ ಉಳಿಯಿತು.

ಆಸ್ಪತ್ರೆ ಮುಟ್ಟಿದಾಗ ಬಿಸಿಲು ಗೋಡೆ ಹತ್ತಿ ಹೋಗಿತ್ತು. ಅಕ್ಕನ ವಾರ್ಡಿನ ಹೊರಗೆ, ಗಾಲಿಯ ಮಂಚವೊಂದರ ಪಕ್ಕದಲ್ಲಿ ಪೆಟ್ಟಿಗೆಯಣ್ಣ ಕುಸಿದು ನಿಂತ.

"ಒಳಗೆ ಹೋಗೋಕೆ ಮುಖ ಇಲ್ಲ ಕಣೋ. ಏನಂತ ಹೇಳ್ಲಿ? ಹಲ್ಲುಜ್ಜೋ ಹಾಡು ತಂದಿದ್ದೀನಿ ಅನ್ಲಾ?"

"ಕೊನೇ ಸಲ ನೋಡೋಣ ಅಣ್ಣಾ. ಇಗೋ, ಇಲ್ಲಿ ಉಜ್ಜು."

ಪೆಟ್ಟಿಗೆಯಣ್ಣ ಮಂಚದ ಮೇಲೆ ಕೈ ಊರಿ ದೂಡಿದ. ಗಾಲಿಯಿದ್ದ ಮಂಚ ದೂಡಿದಲ್ಲೆಲ್ಲ ಹೋಯಿತು. ಅವನು ಗುನುಗುತ್ತ ಅದರ ಹಿಂದೆ, ಕತ್ತರಿ ಒಂಟಿ ಚಪ್ಪಲಿಯಲ್ಲಿ ಫೋನು ಹಿಡಿದು ಅವನ ಹಿಂದೆ. ಅರ್ಧ ಪಡಸಾಲೆ ಹೀಗೆ ಮೆರವಣಿಗೆ ಹೋದ ಮೇಲೆ ಕತ್ತರಿ ನಿಂತುಬಿಟ್ಟ.

"ಅಣ್ಣಾ... ಸಿಕ್ತು."

"ಏನಂತೆ?"

"ನೀನೇ ಓದು."

ಪೆಟ್ಟಿಗೆಯಣ್ಣ ಕನ್ನಡಕ ಏರಿಸಿ ಓದಿದ. ಒಂದು ಸಲ ಓದಿ, ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಓದಿದ. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಅಮ್ಮನ ಹಾಡು.

"ನೋಡಿದ್ಯಾ! ನಾನು ಹೇಳಿದ್ದೆ ತಾನೆ? ಅದಕ್ಕೆ ಗೊತ್ತು! ಅಮ್ಮಂದೇ ಅಂತ ಫೋನಿಗೂ ಗೊತ್ತು!" ಬೆಳಗಿನಿಂದ ಅವನು ಪಟ್ಟ ಪಾಡೆಲ್ಲ ಆ ಕ್ಷಣಕ್ಕೆ ಬಡ್ಡಿ ಸಮೇತ ತೀರಿದ ಹಾಗಾಯಿತು. ಕತ್ತರಿ ಬಾಯಿ ತೆರೆದು, ಏನೋ ಹೇಳಹೋಗಿ, ಜನ್ಮದಲ್ಲಿ ಮೊದಲ ಸಲ ತನ್ನ ಮಾತನ್ನೇ ಕತ್ತರಿಸಿಕೊಂಡ.

ಅಕ್ಕ ಮಗ್ಗುಲಾಗಿ ಮಲಗಿದ್ದಳು. ಮೂಗಿಗೆ ಕೊಳವೆ. ನಿನ್ನೆಗಿಂತ ಅರ್ಧವಾಗಿದ್ದಳು. ಪೆಟ್ಟಿಗೆಯಣ್ಣನ ಕಣ್ಣು ತಲೆಯಿಂದ ಕಾಲಿಗೆ ಹೊರಟಿತು. ನಡುವೆ ತಡೆದು, ಅವಳ ಮುಖದ ಮೇಲೆ ತಂದು ನಿಲ್ಲಿಸಿದ.

"ಅಕ್ಕಾ, ತಂದಿದ್ದೀನಿ."

ಅವಳು ಕಣ್ಣು ತೆರೆದಳು. ಸಿಸ್ಟರ್ ಏನೋ ಹೇಳಬಂದವರು, ಅವಳ ಕಣ್ಣು ನೋಡಿ ಸುಮ್ಮನೆ ಬಾಗಿಲು ಮುಂದೆ ಮಾಡಿ ಹೋದರು. ಕತ್ತರಿ ಫೋನನ್ನು ದಿಂಬಿನ ಮೇಲಿಟ್ಟು ಒತ್ತಿದ.

ಗಂಡಸಿನ ದನಿ. ವಾದ್ಯವಿಲ್ಲ, ಮಾತಿಲ್ಲ. ಉದ್ದಕ್ಕೆ ಎಳೆದು, ಚಿಕ್ಕದಾಗಿ ಹಿಂದೆ ಬಂದು, ಮತ್ತೆ ಉದ್ದಕ್ಕೆ. ಪೆಟ್ಟಿಗೆಯಣ್ಣ ಕೈಕಟ್ಟಿ ನಿಂತು ಕೇಳಿದ. ಯಾವ ಪುಣ್ಯಾತ್ಮನೋ, ಒಳ್ಳೇ ಸಂಕಟ ಪಟ್ಟು ಹಾಡಿದ್ದಾನೆ ಅನ್ನಿಸಿತು. ತನ್ನ ದನಿಯನ್ನು ಹೊರಗಿನಿಂದ ಕೇಳಿ ಅವನಿಗೆ ಗೊತ್ತಿರಲಿಲ್ಲ.

ಹಾಗೇ ಹೋಗುತ್ತಿದ್ದ ಹಾಡಿನ ನಡುವೆ ಏನೋ ತಟ್ಟೆ ಬಿದ್ದ ಸದ್ದು. ಒಂದು ದೊಡ್ಡ ಕೆಮ್ಮು, ಹಿಂದೆಯೇ ಎರಡು ಮರಿ.

ಪೆಟ್ಟಿಗೆಯಣ್ಣ ಕತ್ತರಿಯ ಕಡೆ ತಿರುಗಿದ. ಕತ್ತರಿ ಚಪ್ಪಲಿಯಿಲ್ಲದ ಕಾಲನ್ನು ನೋಡುತ್ತ ನಿಂತಿದ್ದ. ಬೆಳಗಿನಿಂದ ಬೀದಿ ಬೀದಿ ಸುತ್ತಿ ಹುಡುಕಿದ್ದಕ್ಕೆ ಸಿಕ್ಕಿದ್ದು, ಬೆಳಿಗ್ಗೆ ತಾನೇ ಹಾಕಿ ಬಂದದ್ದು.

ಆದರೆ ಅಕ್ಕ ನಗುತ್ತಿದ್ದಳು. ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯ ಕಡೆ ಹೋಗುತ್ತಿತ್ತು.

"ಅಪ್ಪ" ಎಂದಳು.

"ಏನಕ್ಕಾ?"

"ಅಪ್ಪ ಕಣೋ. ಅದೇ ದನಿ. ಅದೇ ಕೆಮ್ಮು." ಒಂದೊಂದು ಮಾತಿಗೂ ಅವಳು ಉಸಿರು ಹುಡುಕಬೇಕಿತ್ತು. "ಯಾರು ಹಿಡಿದಿಟ್ಟಿದ್ರೋ ಇದನ್ನ?"

"ಅಮ್ಮನ ಹಾಡಲ್ವೇನಕ್ಕಾ ಇದು?"

"ಅಮ್ಮಂದೆಲ್ಲಿ ಬಂತು? ಇದು ಅಪ್ಪ ಹಲಗೆ ಉಜ್ಜುವಾಗ ಗುನುಗ್ತಿದ್ದದ್ದು. ಅಮ್ಮ ಹೋದ ಮೇಲೆ ನಿನ್ನನ್ನ ಬೆಂಚಿನ ಕೆಳಗೆ, ಮರದ ಸುರುಳಿ ಮೇಲೆ ಮಲಗಿಸ್ಕೊಂಡು ಕೆಲಸ ಮಾಡ್ತಿದ್ದ. ನೀನು ಅಳಬಾರ್ದು ಅಂತ."

"ಮಾತು? ಇದಕ್ಕೆ ಮಾತಿರ್ಲಿಲ್ವಾ?"

"ಬಾಯಿ ತುಂಬಾ ಮೊಳೆ ಇಟ್ಕೊಂಡಿರ್ತಿದ್ದ. ಮಾತು ಎಲ್ಲಿಂದ ಬರ್ಬೇಕು?"

ಅಕ್ಕ ನಗಲು ಹೋದಳು, ಕೊಳವೆ ಬಿಡಲಿಲ್ಲ. ಪೆಟ್ಟಿಗೆಯಣ್ಣ ಮಂಚದ ಕಂಬಿ ಹಿಡಿದುಕೊಂಡ. ಆ ದನಿ ತನ್ನದು ಎಂದು ಹೇಳಬೇಕೋ ಬೇಡವೋ ಎಂದು ಅವನು ಲೆಕ್ಕ ಹಾಕುತ್ತಿದ್ದಾಗ ಅವಳೇ ಮತ್ತೆ ಕೇಳಿದಳು.

"ಅಪ್ಪಂದೇ ಅಲ್ವೇನೋ?"

"ಹೂಂ ಅಕ್ಕಾ. ಅಪ್ಪಂದೇ."

ಅವಳು ತೃಪ್ತಿಯಿಂದ ಕಣ್ಣು ಮುಚ್ಚಿದಳು. ಅಷ್ಟಕ್ಕೇ ಮುಗಿದಿದ್ದರೆ ಪೆಟ್ಟಿಗೆಯಣ್ಣನೂ ಒಂದಿಷ್ಟು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದನೇನೋ. ಆದರೆ ಅಕ್ಕ ಸಣ್ಣಂದಿನಿಂದಲೂ ಹಿಡಿದದ್ದನ್ನು ಬಿಡುವವಳಲ್ಲ.

"ಸರಿ. ಅಮ್ಮಂದು ಎಲ್ಲಿ?"

ಪೆಟ್ಟಿಗೆಯಣ್ಣ ಫೋನು ಎತ್ತಿಕೊಳ್ಳಲು ಕತ್ತರಿಗೆ ಸನ್ನೆ ಮಾಡಿದ.

"ಅಕ್ಕಾ, ಅದು ಹೇಗಿತ್ತು? ಸ್ವಲ್ಪ ಗುನುಗಿ ತೋರಿಸ್ತೀಯಾ? ಮಾತು ಬೇಡ, ರಾಗ ಸಾಕು."

ಕತ್ತರಿ ಫೋನನ್ನು ಅವಳ ತುಟಿಯ ಹತ್ತಿರ ಹಿಡಿದ. ಅಕ್ಕ ಕಣ್ಣು ಮುಚ್ಚಿಕೊಂಡೇ ಹುಬ್ಬು ಗಂಟಿಕ್ಕಿದಳು. ತುಟಿ ಆಡಿತು. ಕತ್ತಿನ ನರ ಎದ್ದು ನಿಂತಿತು. ಅವಳ ಒಳಗೆ ಹಾಡು ಪೂರ್ತಿಯಾಗಿ ನಡೆಯುತ್ತಿದೆ ಎಂದು ನೋಡಿದರೇ ತಿಳಿಯುತ್ತಿತ್ತು. ಕಂಬಳಿಯ ಮೇಲಿದ್ದ ಬೆರಳುಗಳು ತಾಳ ಹಾಕುತ್ತಿದ್ದವು, ಒಂದು ಕಡೆ ಮೆಲ್ಲಗೆ, ಒಂದು ಕಡೆ ಬೇಗ. ಹೊರಗೆ ಬಂದದ್ದು ಗಾಳಿ ಮಾತ್ರ.

ಫೋನು ತಾಳ್ಮೆಯಿಂದ ಕೇಳಿತು. ಆಮೇಲೆ ಬರೆದು ತೋರಿಸಿತು: ಏನೂ ಕೇಳಿಸಲಿಲ್ಲ. ಇನ್ನಷ್ಟು ಹತ್ತಿರ ಹಿಡಿದು ಮತ್ತೊಮ್ಮೆ ಪ್ರಯತ್ನಿಸಿ.

ಕತ್ತರಿ ಇನ್ನಷ್ಟು ಹತ್ತಿರ ಹಿಡಿದ. ಪೆಟ್ಟಿಗೆಯಣ್ಣ ಫೋನಿಗೆ ಬಿಟ್ಟುಕೊಡದೆ ತಾನೂ ಬಾಗಿ, ಅವಳ ಬಾಯಿಗೆ ಕಿವಿ ಹಚ್ಚಿದ. ಗಾಳಿ ಬೆಚ್ಚಗಿತ್ತು. ಅದರಲ್ಲಿ ರಾಗ ಇರಲಿಲ್ಲ.

ಹಾಡಿ ಮುಗಿಸಿದವಳ ಹಾಗೆ ಅಕ್ಕ ಕಣ್ಣು ತೆರೆದಳು. "ಗೊತ್ತಾಯ್ತಾ ಯಾವುದು ಅಂತ?"

"ಗೊತ್ತಾಯ್ತಕ್ಕಾ" ಎಂದ ಪೆಟ್ಟಿಗೆಯಣ್ಣ. "ಹುಡುಕಿ ತರ್ತೀನಿ."

ಗುರುವಾರ ಅವನು ಮುಚ್ಚಳ ಮುಗಿಸಿದ. ಉಜ್ಜುಗೊರಡು ದೂಡಿದಾಗ ಹಾಡು ಬಂತು, ಅವನು ಹಲ್ಲು ಕಚ್ಚಿ ಹಿಡಿದ. ಹಿಡಿದು ಪ್ರಯೋಜನವಿರಲಿಲ್ಲ. ಬೀದಿಯಲ್ಲೆಲ್ಲ ಅದೇ ಕೇಳುತ್ತಿತ್ತು. ರಿಪೇರಿಯವನು ಬಿಟ್ಟ ಗಾಳಿಪಟ ಒಳ್ಳೇ ಗಾಳಿಗೆ ಸಿಕ್ಕಿತ್ತು. ಯಾರೋ ಕೇಳಿ, ಯಾವ ಹಾಡಿದು ಎಂದು ಫೋನು ಹಿಡಿದು, ಅಮ್ಮನ ಹಾಡು ಎಂದು ತಿಳಿದು, ಇನ್ನೊಬ್ಬರಿಗೆ ಕಳಿಸಿದ್ದರು. ಹೂವಮ್ಮ ಹಾರ ಕಟ್ಟುತ್ತ ಅದನ್ನೇ ಹಚ್ಚಿಕೊಂಡು ಕೂತಿದ್ದಳು. ರಿಪೇರಿ ಅಂಗಡಿಯ ಮುಂದೆ "ಅಮ್ಮನ ಹಾಡು ಖ್ಯಾತಿಯ" ಎಂದು ಹೊಸ ಹಲಗೆ ಬಿದ್ದಿತ್ತು. ಸಂಜೆಯ ಹೊತ್ತಿಗೆ ಪೆಟ್ಟಿಗೆಯಣ್ಣ ಮರೆತು ಒಂದೆಳೆ ಗುನುಗಿದರೆ ಹೆಂಡತಿ ಒಳಗಿನಿಂದ, "ರೀ, ಊರೆಲ್ಲ ಹಾಡ್ತಿರೋದನ್ನೇ ನೀವೂ ಹಾಡ್ಬೇಕಾ? ಸ್ವಂತದ್ದು ಏನಾದ್ರೂ ಹಾಡಿ" ಅಂದಳು.

ಅಕ್ಕನನ್ನು ಹೊತ್ತು ಹೋಗುವಾಗ ಬೀದಿಯವರೆಲ್ಲ ಬಂದಿದ್ದರು. ತಾಯಿಯ ಹಾಡು ಕೇಳಬೇಕೆಂದು ಆಸೆಪಟ್ಟ ಜೀವ ಎಂದು ಕತ್ತರಿ ಎಲ್ಲರಿಗೂ ಮೊದಲೇ ಹೇಳಿಬಿಟ್ಟಿದ್ದ. ಹೂವಮ್ಮ ಶುರು ಮಾಡಿದಳು, ಉಳಿದವರು ಸೇರಿಕೊಂಡರು. ಉದ್ದಕ್ಕೆ ಎಳೆದು, ಚಿಕ್ಕದಾಗಿ ಹಿಂದೆ ಬಂದು. ಫೋನಿನಿಂದಲೇ ಕಲಿತವರಾದ್ದರಿಂದ ಆ ಜಾಗ ಬಂದಾಗ ಎಲ್ಲರೂ ಒಟ್ಟಿಗೆ, ಬಹಳ ಭಕ್ತಿಯಿಂದ, ಒಂದು ದೊಡ್ಡ ಕೆಮ್ಮು ಕೆಮ್ಮಿ ಹಿಂದೆಯೇ ಎರಡು ಸಣ್ಣದು ಕೆಮ್ಮಿದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಅಪರಿಚಿತ ನಿಂತು, ಜೇಬಿನಿಂದ ಫೋನು ತೆಗೆದು ಮೆರವಣಿಗೆಯ ಕಡೆಗೆ ಚಾಚಿ ಹಿಡಿದ. ಪೆಟ್ಟಿಗೆಯಣ್ಣ ಒಂದು ಮೂಲೆಗೆ ಹೆಗಲು ಕೊಟ್ಟು, ಬಾಯಿ ಬಿಗಿದು ನಡೆದ. ಪೆಟ್ಟಿಗೆ ಭುಜದ ಹತ್ತಿರ ಅಗಲವಾಗಿಯೇ ಇತ್ತು. ಒಳಗೆ ಅವಳು ಮಗ್ಗುಲಾಗಿ ಮಲಗಿದ್ದಳು.

ಅಕ್ಕ ಹೋದದ್ದು ಶುಕ್ರವಾರ, ಹಾಲಿನವನು ಬೀದಿಗೆ ಬರುವ ಮುಂಚೆ.